ಟ್ರೇಲರ್‌ನಲ್ಲಿ ಉಪಗ್ರಹ ಇಂಟರ್‌ನೆಟ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಪ್ರವಾಸಿ ಟ್ರೇಲರ್‌ನಲ್ಲಿ ಉಪಗ್ರಹ ಇಂಟರ್‌ನೆಟ್ ನಿಂತುಹೋದ ಕೂಡಲೇ ಎಲ್ಲರೂ ತಲೆಯೆತ್ತಿ ಆಕಾಶ ನೋಡುತ್ತಾರೆ. ಮೋಡವೋ, ಮರವೋ, ಉಪಗ್ರಹವೇ ಕೆಟ್ಟಿತೋ ಎಂಬ ಅನುಮಾನ. ನೋಡಬೇಕಾದದ್ದು ಮೊದಲು ಕೆಳಗೆ. ಬ್ಯಾಟರಿಯಿಂದ ಡಿಶ್‌ಗೆ ಹೋಗುವ ತೆಳ್ಳನೆಯ ತಂತಿ, ಕಿಟಕಿಯ ಸಂದಿಯಲ್ಲಿ ಸಿಕ್ಕಿ ನಜ್ಜಾದ ಕೇಬಲ್, ಲೋಹದ ಗೋಡೆಯ ಆಚೆ ಕುಳಿತಿರುವ ರೌಟರ್ ಇವುಗಳ ಪಾಲಿನ ತಪ್ಪನ್ನು ಉಪಗ್ರಹದ ತಲೆಗೆ ಕಟ್ಟುವುದೇ ಹೆಚ್ಚು. ಮನೆಯ ಮಾಳಿಗೆಯ ಮೇಲೆ ಒಮ್ಮೆ ಕೂರಿಸಿ ಮರೆತುಬಿಡುವ ಡಿಶ್‌ಗೆ ಇಲ್ಲದ ಕಷ್ಟಗಳು ಟ್ರೇಲರ್‌ಗಿವೆ. ನಿಲ್ಲುವ ಜಾಗ ಬದಲಾಗುತ್ತಲೇ ಇರುತ್ತದೆ, ವಿದ್ಯುತ್ತು ಬ್ಯಾಟರಿಯಿಂದ ಬರುತ್ತದೆ, ರಸ್ತೆಯ ಕುಲುಕಾಟಕ್ಕೆ ಪ್ರತಿಯೊಂದು ಕನೆಕ್ಟರ್ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ.

ಹುಡುಕಾಟಕ್ಕೆ ನಾನು ಬಳಸುವ ಸೂತ್ರ ಒಂದೇ: ಸಂಪರ್ಕ ಕಡಿಯುವ ಲಯವನ್ನು ಗಮನಿಸುವುದು. ಯಾವ ಹೊತ್ತಿನಲ್ಲಿ ಕಡಿಯುತ್ತದೆ, ಎಷ್ಟು ಹೊತ್ತು ಹಾಗೇ ಇರುತ್ತದೆ, ಆಗ ಟ್ರೇಲರ್‌ನಲ್ಲಿ ಬೇರೆ ಏನು ನಡೆಯುತ್ತಿರುತ್ತದೆ? ಐದಾರು ಸೆಕೆಂಡು ಕಡಿದು ತಾನಾಗಿಯೇ ಸರಿಹೋಗಿ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಡಿದರೆ ಡಿಶ್‌ಗೆ ಏನೋ ಅಡ್ಡವಿದೆ. ಹಲವು ನಿಮಿಷ ಪೂರ್ತಿ ಸತ್ತು, ಆಮೇಲೆ ನಿಧಾನವಾಗಿ ಜೀವ ಬಂದರೆ ವಿದ್ಯುತ್ತಿನ ತೊಂದರೆ. ನೀರಿನ ಪಂಪ್ ಶುರುವಾದಾಗಲೇ ಕಡಿದರೆ ವೋಲ್ಟೇಜ್ ಕುಸಿಯುತ್ತಿದೆ. ನಡುಮಧ್ಯಾಹ್ನ ಮಾತ್ರ ಆದರೆ ಬಿಸಿಲಿನ ತಾಪ, ಸಂಜೆ ಮಾತ್ರ ನಿಧಾನವಾದರೆ ಬಳಕೆದಾರರ ದಟ್ಟಣೆ. ಮಂಚದ ಹತ್ತಿರ ಸಿಗದೆ ಬಾಗಿಲ ಬಳಿ ಸಿಕ್ಕರೆ ಅದು ವೈಫೈ ಸಮಸ್ಯೆ, ಉಪಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಕಾಗದದ ಮೇಲೆ ಅರ್ಧ ದಿನದ ಕಡಿತಗಳನ್ನು ವೇಳೆ ಸಹಿತ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಿಕ್ಕಸಿಕ್ಕದ್ದನ್ನೆಲ್ಲ ಕಿತ್ತು ಮತ್ತೆ ಜೋಡಿಸುವ ಚಟ ಇರುವವರಿಗೆ ಈ ಕೆಲಸ ಬೇಸರ ತರಿಸುತ್ತದೆ. ಆದರೆ ಹಾಗೆ ಕಿತ್ತಾಡಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ನಿಲ್ದಾಣದಲ್ಲಿ ಅದೇ ಕಥೆ.

ಡಿಶ್ ಆರಿ ಹೊತ್ತಿತೇ?

ಮೊದಲ ಪ್ರಶ್ನೆ ಇದು. ಸೇವೆಯ ಆ್ಯಪ್‌ನಲ್ಲಿ ಅಥವಾ ಡಿಶ್‌ನ ಸ್ವಂತ ಪುಟದಲ್ಲಿ ಅದು ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂಬ ಲೆಕ್ಕ ಇರುತ್ತದೆ. ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಸೇವೆಯಾದ ಸ್ಟಾರ್‌ಲಿಂಕ್ ಬಳಸುವವರು ಆ್ಯಪ್‌ನ ಡೀಬಗ್ ಮಾಹಿತಿಯಲ್ಲಿ ಹುಡುಕಬೇಕು. ಸಂಪರ್ಕ ಕಡಿದ ಪ್ರತಿ ಸಲವೂ ಈ ಲೆಕ್ಕ ಸೊನ್ನೆಯಿಂದ ಶುರುವಾಗಿದ್ದರೆ ಡಿಶ್‌ಗೆ ವಿದ್ಯುತ್ತು ಸರಿಯಾಗಿ ತಲುಪುತ್ತಿಲ್ಲ. ಆಗ ಮರ, ಮೋಡ, ವೈಫೈ ಎಲ್ಲವನ್ನೂ ಪಕ್ಕಕ್ಕಿಡಿ. ಲೆಕ್ಕ ತಡೆಯಿಲ್ಲದೆ ದಿನಗಟ್ಟಲೆ ಏರುತ್ತಿದ್ದರೆ ವಿದ್ಯುತ್ತು ನಿರ್ದೋಷಿ, ಮುಂದಿನ ಭಾಗ ಬಿಟ್ಟು ಕೇಬಲ್‌ಗೆ ಹೋಗಬಹುದು. ನಸುಕಿನ ಹೊತ್ತಿನಲ್ಲಿ ಅಪರೂಪಕ್ಕೊಮ್ಮೆ ಆರಿ ಹೊತ್ತಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಅದು ಸಾಫ್ಟ್‌ವೇರ್ ನವೀಕರಣ.

ವಿದ್ಯುತ್ತು

ಟ್ರೇಲರ್‌ನ ದೋಷಗಳ ತವರು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಬೇಕಾದ ಸಾಧನ ಒಂದು ಮಲ್ಟಿಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಕೈಮೀಟರ್. ಅದು ಇಲ್ಲದೆ ಬ್ಯಾಟರಿಯ ಬಗ್ಗೆ ಹೇಳುವುದೆಲ್ಲ ಊಹೆ.

ಅತಿ ಸುಲಭದ ಪರೀಕ್ಷೆಯಿಂದ ಆರಂಭಿಸಿ. ಟ್ರೇಲರ್‌ಗೆ ಹೊರಗಿನ ಎಸಿ ವಿದ್ಯುತ್ತು ಕೊಡಿ. ಆಗ ಒಳಗಿನ ಚಾರ್ಜರ್ 13.6 ವೋಲ್ಟ್‌ನ ಆಸುಪಾಸಿನಲ್ಲಿ ಬ್ಯಾಟರಿ ಸಾಲನ್ನು ಎತ್ತಿ ಹಿಡಿಯುತ್ತದೆ. ಕಡಿತ ಪೂರ್ತಿ ನಿಂತರೆ ದೋಷ ಬ್ಯಾಟರಿ ಮತ್ತು ಡಿಶ್ ನಡುವೆ ಇದೆ, ಡಿಶ್‌ನಲ್ಲಿ ಇಲ್ಲ.

ಇನ್ನು ಲೆಕ್ಕ. 12 ವೋಲ್ಟ್ ಸಾಲಿನಲ್ಲಿ 60 ವ್ಯಾಟ್ ಎಳೆಯುವ ಸಾಧನಕ್ಕೆ 5 ಆಂಪಿಯರ್ ಹರಿಯಬೇಕು. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್ ರೋಧ. ಡಿಶ್ 15 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 30 ಮೀಟರ್, ಒಟ್ಟು ರೋಧ 0.36 ಓಮ್. 5 ಆಂಪಿಯರ್ ಹರಿದಾಗ ದಾರಿಯಲ್ಲೇ 1.8 ವೋಲ್ಟ್ ಕರಗುತ್ತದೆ. ಬ್ಯಾಟರಿಯ ಬಳಿ 12.2 ಇದ್ದದ್ದು ಡಿಶ್ ಮುಟ್ಟುವಾಗ 10.4. ಅಷ್ಟೇ ಅಲ್ಲ, ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್‌ಗಾಗಿ ಸಾಧನ ಇನ್ನೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಹಾಗಾಗಿ ಕುಸಿತ ಇನ್ನಷ್ಟು ಜೋರಾಗುತ್ತದೆ. ಸ್ಟಾರ್‌ಲಿಂಕ್‌ನ ಚಿಕ್ಕ ಡಿಶ್ ಆದ ಮಿನಿ 12ರಿಂದ 48 ವೋಲ್ಟ್‌ವರೆಗಿನ ಡಿಸಿ ಸ್ವೀಕರಿಸುತ್ತದೆ ಎಂದು ಓದಿದವರು 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಸಿಕ್ಕಿಸಿ ಸಾಕೆಂದುಕೊಳ್ಳುತ್ತಾರೆ. ಆ 12 ಇರಬೇಕಾದದ್ದು ಡಿಶ್‌ನ ಬಾಯಲ್ಲಿ, ಬ್ಯಾಟರಿಯ ತಲೆಯ ಮೇಲಲ್ಲ.

ಪರಿಹಾರ ಎರಡು ಬಗೆ: ದಪ್ಪ ತಂತಿ, ಇಲ್ಲವೇ ಬ್ಯಾಟರಿಯ ಪಕ್ಕದಲ್ಲೇ ವೋಲ್ಟೇಜ್ ಏರಿಸುವ ಕನ್ವರ್ಟರ್. ಅದೇ ತಂತಿಯಲ್ಲಿ 24 ವೋಲ್ಟ್ ಕಳುಹಿಸಿದರೆ 2.5 ಆಂಪಿಯರ್ ಸಾಕು, ಕುಸಿತ 0.9 ವೋಲ್ಟ್. ಶೇ. 15ರಷ್ಟಿದ್ದ ನಷ್ಟ ಶೇ. 4ಕ್ಕೂ ಒಳಗೆ ಬರುತ್ತದೆ. ನನ್ನ ಮತ ಕನ್ವರ್ಟರ್ ಕಡೆಗೆ. ಗೋಡೆಯೊಳಗೆ ಹಾಕಿ ಮುಚ್ಚಿದ ತಂತಿಯನ್ನು ಬದಲಿಸಲು ಹೊರಟರೆ ಟ್ರೇಲರನ್ನೇ ಬಿಚ್ಚಬೇಕಾಗುತ್ತದೆ. ಆದರೆ ಡಿಶ್ ಎಷ್ಟು ವೋಲ್ಟ್ ತಾಳುತ್ತದೆ ಎಂದು ಅದರ ಕೈಪಿಡಿಯಲ್ಲಿ ನೋಡದೆ ಕನ್ವರ್ಟರ್ ಜೋಡಿಸಬೇಡಿ.

ಅಳೆಯುವಾಗ ಡಿಶ್ ಚಾಲೂ ಇರಲಿ. ಹೊರೆ ಇಲ್ಲದ ತಂತಿಯಲ್ಲಿ ಆಂಪಿಯರ್ ಹರಿಯುವುದಿಲ್ಲ, ಕುಸಿತವೂ ಕಾಣುವುದಿಲ್ಲ, ಮೀಟರ್ ಎಲ್ಲವೂ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ಅದರ ಎರಡು ಮೊನೆಗಳನ್ನು ಒಂದೇ ತಂತಿಯ, ಒಂದೇ ಫ್ಯೂಸ್ ಹಿಡಿಕೆಯ ಅಥವಾ ಒಂದೇ ಕನೆಕ್ಟರ್‌ನ ಎರಡು ತುದಿಗಳಿಗೆ ಹಿಡಿಯಿರಿ. ಫ್ಯೂಸ್ ಹಿಡಿಕೆಯ ಎರಡು ಬದಿಗಳ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿದರೆ ಅದರೊಳಗೆ ತುಕ್ಕೋ ಸಡಿಲವೋ ಇದೆ. ಹೀಗೆ ಬ್ಯಾಟರಿಯಿಂದ ಡಿಶ್‌ವರೆಗೆ ತುಣುಕು ತುಣುಕಾಗಿ ಸಾಗಿದರೆ ವೋಲ್ಟೇಜ್ ನುಂಗುವ ಜಾಗ ಸಿಕ್ಕೇ ಸಿಗುತ್ತದೆ. ಮೈನಸ್ ತಂತಿಯನ್ನೂ ಅಳೆಯಬೇಕು. ಟ್ರೇಲರ್‌ನ ಚೌಕಟ್ಟಿಗೆ ಒಂದು ತಿರುಪಿನಿಂದ ಕಟ್ಟಿದ ಮೈನಸ್ ಸಂಪರ್ಕ ತುಕ್ಕು ಹಿಡಿಯುವುದು ಸಾಮಾನ್ಯ, ಎಲ್ಲರೂ ಪ್ಲಸ್ ತಂತಿಯನ್ನೇ ಹಿಡಿದು ಹುಡುಕುವುದೂ ಸಾಮಾನ್ಯ. ಕಾರಿನ ಸಿಗರೇಟ್ ಲೈಟರ್ ಮಾದರಿಯ ಸಾಕೆಟ್ ಬಗ್ಗೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಒಳಗಿನ ಸ್ಪ್ರಿಂಗ್ ಸಡಿಲವಾಗಿ, ರಸ್ತೆಯಲ್ಲಿ ಕುಲುಕಿದ ಮೇಲೆ ತುದಿ ಮಾತ್ರ ತಾಗಿಕೊಂಡಿರುತ್ತದೆ. ಗಂಟೆಗಟ್ಟಲೆ ನಾಲ್ಕೈದು ಆಂಪಿಯರ್ ಹೊರಲು ಅದು ತಕ್ಕದ್ದಲ್ಲ.

ಬ್ಯಾಟರಿಯ ಸಾಮರ್ಥ್ಯವನ್ನೂ ಒಮ್ಮೆ ಲೆಕ್ಕ ಹಾಕಿ. 100 ಆಂಪಿಯರ್ ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಬಳಸುವುದು ಕ್ಷೇಮ, ಅಂದರೆ ಸುಮಾರು 600 ವ್ಯಾಟ್ ಅವರ್. 75 ವ್ಯಾಟ್ ಎಳೆಯುವ ದೊಡ್ಡ ಡಿಶ್ ಅದನ್ನು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ನಡುವೆ ಇನ್ವರ್ಟರ್ ಇದ್ದರೆ ಅದರ ಪಾಲೂ ಸೇರಿ ಏಳೇ ಗಂಟೆ. ರಾತ್ರಿ ಮಲಗುವಾಗ ಸರಿಯಿದ್ದ ಸಂಪರ್ಕ ಬೆಳಗಿನ ಜಾವ ಸತ್ತಿರುವುದರ ಗುಟ್ಟು ಇಷ್ಟೇ: ಬ್ಯಾಟರಿ ಇಳಿದಿದೆ, ಇನ್ವರ್ಟರ್ ತನ್ನ ಕೆಳಮಿತಿ ಬಂತೆಂದು ಕೈಬಿಟ್ಟಿದೆ. ಸೌರ ನಿಯಂತ್ರಕದ ಲೋಡ್ ತುದಿಯಿಂದ ಡಿಶ್‌ಗೆ ಕೊಟ್ಟಿದ್ದರೆ ಅದೂ ಹೀಗೆಯೇ ಕೈಬಿಡುತ್ತದೆ. ಹೊರೆಯಿಲ್ಲದೆ ವಿಶ್ರಾಂತಿಯಲ್ಲಿರುವ ಸೀಸದ ಬ್ಯಾಟರಿ 12.6 ತೋರಿದರೆ ತುಂಬಿದೆ, 12.1ರ ಹತ್ತಿರ ಇದ್ದರೆ ಅರ್ಧ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಓದು ನಡೆಯದು. ಬಹುಪಾಲು ಖಾಲಿಯಾಗುವವರೆಗೂ ಅದು 13ರ ಸುತ್ತಲೇ ನಿಂತಿದ್ದು ಕೊನೆಗೆ ಒಮ್ಮೆಲೇ ಬೀಳುತ್ತದೆ.

ಕೇಬಲ್

ಡಿಶ್ ಆರುತ್ತಿಲ್ಲ, ಆದರೂ ಸಂಪರ್ಕ ಕಡಿಯುತ್ತಿದೆ ಅಥವಾ ವೇಗ ಒಂದೇ ಅಂಕಿಗೆ ಅಂಟಿಕೊಂಡಿದೆ. ಈ ಎರಡನೆಯದು ಒಳ್ಳೆಯ ಸುಳಿವು. ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ಎಳೆಗಳು, ನಾಲ್ಕು ಜೋಡಿ. ಸೆಕೆಂಡಿಗೆ ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. 100ಕ್ಕೆ ಬೇಡದ ಜೋಡಿಗಳಲ್ಲಿ ಒಂದು ಎಳೆ ತುಂಡಾದರೆ ಎರಡು ತುದಿಯ ಸಾಧನಗಳು ಸಾಮಾನ್ಯವಾಗಿ ಜಗಳವಾಡದೆ 100ಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ. ಸಂಪರ್ಕ ಇರುತ್ತದೆ, ಆದರೆ ಎಷ್ಟು ಸಲ ಪರೀಕ್ಷಿಸಿದರೂ ವೇಗ 90ರಿಂದ 95ರ ನಡುವೆ ನಿಂತುಬಿಡುತ್ತದೆ. ಆಕಾಶದ ಕಾರಣಕ್ಕೆ ಇಳಿಯುವ ವೇಗ ಏರಿಳಿಯುತ್ತಿರುತ್ತದೆ, ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ನಿಂತರೆ ಕೇಬಲನ್ನು ಹಿಡಿಯಿರಿ. ನಡುವೆ 100 ಮೆಗಾಬಿಟ್‌ನ ಹಳೆಯ ಸ್ವಿಚ್ಚೋ ರೌಟರೋ ಇದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಕೇಬಲ್ ಸಾಯುವ ಜಾಗಗಳು ಗೊತ್ತಿರುವವೇ: ಬಾಗಿಲ ಕೀಲು, ಕಿಟಕಿಯ ರಬ್ಬರ್ ಪಟ್ಟಿ, ಹೊರಕ್ಕೆ ಜಾರುವ ಕೋಣೆಯ ಅಂಚು. ಚಾವಣಿಯ ಮೇಲಿನ ಕನೆಕ್ಟರ್‌ಗೆ ನೀರು ಇಳಿದರೆ ಪಿನ್‌ಗಳು ಹಸಿರುಗಟ್ಟುತ್ತವೆ. ದತ್ತಾಂಶದ ಕೇಬಲ್‌ನಲ್ಲೇ ವಿದ್ಯುತ್ತೂ ಹರಿಯುವ ಡಿಶ್‌ಗಳಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಹಸಿರುಗಟ್ಟಿದ ಪಿನ್ ಬಿಸಿಯೇರಿ ಸುಡುತ್ತದೆ. ಕೇಬಲ್ ಒಳಬರುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್ ಪೂರ್ತಿ ಕೂತಿದೆಯೇ ಎಂಬುದನ್ನು ಕಣ್ಣಿಂದ ನಿರ್ಧರಿಸಬೇಡಿ, ವಿದ್ಯುತ್ತು ತೆಗೆದು, ಹೊರಗೆಳೆದು, ಮತ್ತೆ ಗಟ್ಟಿಯಾಗಿ ಒತ್ತಿ. ಒಂದು ಚಿಕ್ಕ ಬದಲಿ ಕೇಬಲ್ ಟ್ರೇಲರ್‌ನಲ್ಲಿ ಸದಾ ಇರಲಿ. ಡಿಶನ್ನು ನೆಲದ ಮೇಲಿಟ್ಟು ಆ ಕೇಬಲ್‌ನಿಂದ ಜೋಡಿಸಿ ನೋಡುವುದು ಎಲ್ಲ ವಾದಗಳಿಗಿಂತ ಬೇಗ ತೀರ್ಪು ಕೊಡುತ್ತದೆ.

ಆಕಾಶಕ್ಕೆ ಅಡ್ಡ

ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಕೆಲವೇ ನಿಮಿಷಗಳಲ್ಲಿ ತಲೆಯ ಮೇಲಿಂದ ದಾಟಿಹೋಗುತ್ತವೆ. ಯಾವ ಡಿಶ್ ಯಾವ ಉಪಗ್ರಹದೊಡನೆ ಮಾತಾಡಬೇಕೆಂಬುದು 15 ಸೆಕೆಂಡಿಗೊಮ್ಮೆ ಮರುನಿರ್ಧಾರವಾಗುತ್ತದೆ. ಆದ್ದರಿಂದ ಡಿಶ್‌ಗೆ ಬೇಕಾದದ್ದು ಆಕಾಶದ ಒಂದು ಬಿಂದುವಲ್ಲ, ವಿಶಾಲವಾದ ತುಂಡು. ಅದರ ಮೂಲೆಯಲ್ಲಿ ಒಂದು ಕೊಂಬೆ ಇದ್ದರೆ ಉಪಗ್ರಹ ಅದರ ಹಿಂದೆ ಸರಿದಾಗ ಕೆಲವು ಸೆಕೆಂಡು ಮೌನ, ಆಮೇಲೆ ಸರಿ. ವಿಡಿಯೊ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಮುಂಚಿತವಾಗಿ ಇಳಿದ ದೃಶ್ಯ ಆ ಸಂದನ್ನು ಮುಚ್ಚುತ್ತದೆ. ಕರೆಯಲ್ಲಿ ಮಾತಾಡುವವರಿಗೆ ಮಾತ್ರ ನರಕ. ಒಂದೇ ಟ್ರೇಲರ್‌ನಲ್ಲಿ ಒಬ್ಬರು ಚೆನ್ನಾಗಿದೆ ಎಂದು, ಇನ್ನೊಬ್ಬರು ಕೆಟ್ಟಿದೆ ಎಂದು ವಾದಿಸುತ್ತಿದ್ದರೆ ಇಬ್ಬರೂ ಸರಿ. ಅಡ್ಡ ಇದೆ ಎಂದು ತಿಳಿಯಿರಿ.

ಎಲೆಗಳಲ್ಲಿರುವ ನೀರು ಈ ತರಂಗಗಳನ್ನು ಹೀರುತ್ತದೆ. ಹಾಗಾಗಿ ಎಲೆ ಉದುರಿದ ಕಾಲದಲ್ಲಿ ಚೆನ್ನಾಗಿದ್ದ ಜಾಗ ಚಿಗುರಿದ ಮೇಲೆ ಕೈಕೊಡಬಹುದು, ಮಳೆ ಬಿದ್ದು ಒದ್ದೆಯಾದ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ. ಡಿಶನ್ನು ಎತ್ತರಿಸಲು ಕಂಬ ಕೊಳ್ಳುವ ಮೊದಲು ಸ್ವಲ್ಪ ಜ್ಯಾಮಿತಿ ಮಾಡಿ. ನೆಲದ ಮೇಲಿರುವ ಡಿಶ್‌ನಿಂದ 10 ಮೀಟರ್ ದೂರದಲ್ಲಿ 10 ಮೀಟರ್ ಎತ್ತರದ ಮರವಿದ್ದರೆ ಅದು 45 ಡಿಗ್ರಿಯವರೆಗೆ ಆಕಾಶ ಮುಚ್ಚುತ್ತದೆ. ಡಿಶನ್ನು 3 ಮೀಟರ್ ಎತ್ತರದ ಟ್ರೇಲರ್ ಚಾವಣಿಗೆ ಏರಿಸಿದರೆ 35 ಡಿಗ್ರಿ. ನೆಲದಲ್ಲೇ ಬಿಟ್ಟು ಇನ್ನೂ 10 ಮೀಟರ್ ಹಿಂದೆ ಸರಿಸಿದರೆ 27 ಡಿಗ್ರಿಗೂ ಕಡಿಮೆ. ಏರಿಸುವುದಕ್ಕಿಂತ ಸರಿಸುವುದು ಲಾಭ. ನೆರಳಿಗಾಗಿ ಮರದಡಿ ನಿಲ್ಲಿಸುವ ಟ್ರೇಲರ್‌ನ ಚಾವಣಿಗೆ ಡಿಶನ್ನು ಶಾಶ್ವತವಾಗಿ ಬಿಗಿಯುವುದು ಇದೇ ಕಾರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಟ್ರೇಲರ್‌ಗೆ ನೆರಳು ಬೇಕು, ಡಿಶ್‌ಗೆ ಬಯಲು ಬೇಕು, ಎರಡನ್ನೂ ಬೆಸುಗೆ ಹಾಕಿದರೆ ಒಬ್ಬರು ಸೋಲುತ್ತಾರೆ. ಚಾವಣಿಯಲ್ಲೇ ಇರಲಿ ಎನ್ನುವವರು ಹವಾನಿಯಂತ್ರಕದ ಪೆಟ್ಟಿಗೆ, ಗಾಳಿಕಿಂಡಿಯ ಮುಚ್ಚಳ, ಎತ್ತಿ ನಿಲ್ಲಿಸಿದ ಸೌರಫಲಕ ಇವುಗಳನ್ನೂ ಅಡ್ಡಗಳ ಲೆಕ್ಕಕ್ಕೆ ಸೇರಿಸಬೇಕು.

ಆ್ಯಪ್ ತೋರಿಸುವ ಅಡಚಣೆಯ ನಕ್ಷೆಯನ್ನು ನಂಬಬಹುದು, ಆದರೆ ಅವಸರದಲ್ಲಿ ಅಲ್ಲ. ಡಿಶ್ ಗಂಟೆಗಟ್ಟಲೆ ಉಪಗ್ರಹಗಳನ್ನು ಹಿಂಬಾಲಿಸಿ ಅದನ್ನು ಬರೆಯುತ್ತದೆ. ಹೊಸ ಜಾಗಕ್ಕೆ ಬಂದ ಮೇಲೆ ಹಳೆಯ ಜಾಗದ ನಕ್ಷೆ ಉಳಿದಿದ್ದರೆ ಇಲ್ಲದ ಮರವನ್ನು ತೋರಿಸುತ್ತದೆ, ಅದನ್ನು ಅಳಿಸಿ ಹೊಸದಾಗಿ ಶುರುಮಾಡಿ. ದಿಕ್ಕನ್ನು ಆ್ಯಪ್ ಸೂಚಿಸಿದಂತೆ ಇಡಿ. ಮೊಬೈಲ್‌ನ ದಿಕ್ಸೂಚಿ ಟ್ರೇಲರ್‌ನ ಉಕ್ಕಿನ ಚೌಕಟ್ಟಿನ ಪಕ್ಕದಲ್ಲಿ ದಾರಿ ತಪ್ಪುತ್ತದೆ, ಕೆಲವು ಹೆಜ್ಜೆ ದೂರ ನಿಂತು ನೋಡಿ.

ಭೂಸ್ಥಿರ ಉಪಗ್ರಹದ ಹಳೆಯ ಬಗೆಯ ವ್ಯವಸ್ಥೆ ಇರುವವರಿಗೆ ಲೆಕ್ಕ ಬೇರೆ. ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಪಿಂಗ್ (ಇನ್ನೊಂದು ಸಾಧನಕ್ಕೆ ಚಿಕ್ಕ ಸಂದೇಶ ಕಳುಹಿಸಿ ಉತ್ತರಕ್ಕೆ ಕಾಯುವ ಪರೀಕ್ಷೆ) ಉತ್ತರ 600 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರುವುದು ಅಲ್ಲಿ ದೋಷವಲ್ಲ, ದೂರದ ತೆರಿಗೆ. ಅಲ್ಲಿನ ನಿಜವಾದ ದೋಷ ಗುರಿಯದು. ಮುಕ್ಕಾಲು ಮೀಟರ್ ಡಿಶ್‌ನ ಕಿರಣದ ಅಗಲ ಎರಡೂವರೆ ಡಿಗ್ರಿಯೂ ಇಲ್ಲ. ಚಾವಣಿಗೆ ಬಿಗಿದ ಡಿಶ್ ಇದ್ದು, ಒಳಗೆ ಯಾರೋ ಓಡಾಡಿದಾಗ ಸಂಪರ್ಕ ಹೋಗಿ ಬರುತ್ತಿದ್ದರೆ ನಾಲ್ಕು ಮೂಲೆಯ ಜಾಕ್‌ಗಳು ನೆಲಕ್ಕೆ ಊರಿವೆಯೇ ನೋಡಿ.

ವೈಫೈ ಮತ್ತು ರೌಟರ್

ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರವಾಗಿ ರೌಟರ್‌ಗೆ ಜೋಡಿಸಿ. ಆಗ ಎಲ್ಲ ಸರಿಯಿದ್ದರೆ ದೋಷ ವೈಫೈಯದು. ಅಲ್ಯೂಮಿನಿಯಂ ಹೊದಿಕೆ, ಲೋಹದ ಹಾಳೆ ಅಂಟಿಸಿದ ಶಾಖನಿರೋಧಕ ಎರಡೂ ವೈಫೈಯನ್ನು ತಡೆಯುತ್ತವೆ. ರೌಟರ್ ಡಿಶ್‌ನೊಳಗೇ ಇರುವ ಮಾದರಿಯನ್ನು ಲೋಹದ ಚಾವಣಿಯ ಮೇಲಿಟ್ಟರೆ ಹೊರಗೆ ಕುರ್ಚಿ ಹಾಕಿ ಕೂತವರಿಗೆ ಭರ್ಜರಿ ಸಂಪರ್ಕ, ಒಳಗಿನವರಿಗೆ ಏನೂ ಇಲ್ಲ. ಡಿಶ್‌ನಿಂದ ಒಳಕ್ಕೆ ಕೇಬಲ್ ತಂದು ಒಳಗೊಂದು ಚಿಕ್ಕ ರೌಟರ್ ಇಡುವುದೇ ನೇರ ದಾರಿ. ಟ್ರೇಲರ್‌ಗಳು ಒತ್ತೊತ್ತಾಗಿ ನಿಲ್ಲುವ ತಾಣಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಸಂತೆಯಾಗಿರುತ್ತದೆ. 5 ಗಿಗಾಹರ್ಟ್ಸ್‌ಗೆ ಸರಿಯಿರಿ, ಆಗದಿದ್ದರೆ 1, 6, 11ರ ಪೈಕಿ ಖಾಲಿ ಇರುವ ಚಾನೆಲ್ ಆರಿಸಿ.

ಹಾಗೆ ಒಳಗೆ ಎರಡನೆಯ ರೌಟರ್ ಇಟ್ಟವರು ಬೀಳುವ ಗುಂಡಿ ಒಂದಿದೆ. ಎರಡೂ ರೌಟರ್‌ಗಳು 192.168.1.1 ಎಂಬ ವಿಳಾಸವನ್ನೇ ತಮ್ಮದೆಂದುಕೊಂಡರೆ ವೈಫೈ ಪೂರ್ತಿ ಗೆರೆ ತೋರಿಸಿದರೂ ಒಂದು ಪುಟವೂ ತೆರೆಯದು. ಒಳಗಿನದರ ವಿಳಾಸವನ್ನು 192.168.50.1 ಎಂದೋ ಮತ್ತೇನೋ ಬದಲಿಸಿ.

ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡುವಾಗ ಮೆಟ್ಟಿಲು ಹತ್ತಿದಂತೆ ಹೋಗಿ. ಮೊದಲು ರೌಟರ್. ಅದು ಉತ್ತರಿಸದಿದ್ದರೆ ವೈಫೈ. ಆಮೇಲೆ ಡಿಶ್, ಸ್ಟಾರ್‌ಲಿಂಕ್‌ನಲ್ಲಿ ಅದರ ವಿಳಾಸ 192.168.100.1. ಅದು ಮೌನವಾಗಿದ್ದರೆ ಡಿಶ್‌ನ ಕೇಬಲ್ ಅಥವಾ ವಿದ್ಯುತ್ತು. ಸ್ವಂತ ರೌಟರ್ ಇದ್ದರೆ ಈ ವಿಳಾಸಕ್ಕೆ ದಾರಿ ತೋರಿಸುವ ಸಾಲನ್ನು (ಸ್ಟ್ಯಾಟಿಕ್ ರೂಟ್) ಅದರಲ್ಲಿ ಸೇರಿಸಬೇಕಾದೀತು. ನಂತರ ಇಂಟರ್‌ನೆಟ್‌ನಲ್ಲಿರುವ ಹೊರಗಿನ ಸರ್ವರ್ 1.1.1.1. ಡಿಶ್ ಉತ್ತರಿಸಿ ಇದು ಉತ್ತರಿಸದಿದ್ದರೆ ಆಗ, ಆಗ ಮಾತ್ರ, ಆಕಾಶವನ್ನು ದೂರಬಹುದು. ಇದೂ ಉತ್ತರಿಸಿ ಹೆಸರಿನಿಂದ ಯಾವ ತಾಣವೂ ತೆರೆಯದಿದ್ದರೆ ತಾಣದ ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಬದಲಿಸಿ ನೋಡಿ. ಇಂಟರ್‌ನೆಟ್ ಚೆನ್ನಾಗಿದ್ದೂ ಆ್ಯಪ್‌ಗೆ ಮಾತ್ರ ಡಿಶ್ ಸಿಗುತ್ತಿಲ್ಲವಾದರೆ ಮೊಬೈಲ್‌ನ ವಿಪಿಎನ್ ಬಂದ್ ಮಾಡಿ, ಸ್ಥಳೀಯ ನೆಟ್‌ವರ್ಕ್ ಬಳಸಲು ಆ್ಯಪ್‌ಗೆ ಅನುಮತಿ ಇದೆಯೇ ನೋಡಿ.

ಉಳಿದ ಚಿಲ್ಲರೆ

ತಾಪ: ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್‌ಗೆ ಹೇಳಿರುವ ಮಿತಿ 50 ಡಿಗ್ರಿ ಸೆಲ್ಸಿಯಸ್. ಗಾಳಿ 40 ಇದ್ದರೂ ಕಪ್ಪು ಚಾವಣಿಗೆ ಅಂಟಿ ಕೂತ, ಹವಾನಿಯಂತ್ರಕದ ಬಿಸಿಗಾಳಿಗೆ ಎದುರಾದ ಡಿಶ್ ಅದನ್ನು ಮೀರಬಲ್ಲದು. ಕೆಳಗೆ ಗಾಳಿಯಾಡಲು ಸಂದು ಬಿಡಿ. ಜೋರುಮಳೆಗೆ ಸ್ವಲ್ಪ ಹೊತ್ತು ಹೋಗುವುದು ಸಹಜ, ಅದಕ್ಕೆ ಮದ್ದಿಲ್ಲ. ಸಂಜೆಯ ದಟ್ಟಣೆಗೂ ಇಲ್ಲ, ದೊಡ್ಡ ಕಡತಗಳನ್ನು ನಸುಕಿನಲ್ಲಿ ಇಳಿಸಿಕೊಳ್ಳಿ.

ಎಲ್ಲ ಸರಿಯಿದ್ದೂ ಹೊಸ ಜಾಗದಲ್ಲಿ ಮೊದಲ ಕ್ಷಣದಿಂದಲೇ ಏನೂ ಬರದಿದ್ದರೆ ಖಾತೆ ನೋಡಿ. ಒಂದೇ ವಿಳಾಸಕ್ಕೆ ಕಟ್ಟಿದ ಯೋಜನೆಯೇ, ಸಂಚಾರಕ್ಕೆ ಒಪ್ಪುವ ಯೋಜನೆಯೇ, ತಾತ್ಕಾಲಿಕವಾಗಿ ನಿಲ್ಲಿಸಿದ್ದನ್ನು ಮತ್ತೆ ಶುರುಮಾಡಿದ್ದೀರಾ? ಗಡಿ ದಾಟಿದ್ದರೆ ಆ ದೇಶದಲ್ಲಿ ಸೇವೆಗೆ ಪರವಾನಗಿ ಇದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಡಿಶನ್ನು ಬಯಲಿನಲ್ಲಿಟ್ಟು ಕೆಲವು ಗಂಟೆ ಹಾಗೇ ಬಿಡಿ, ಹಳೆಯ ಸಾಫ್ಟ್‌ವೇರ್ ನವೀಕರಿಸಿಕೊಳ್ಳಲು ಅದಕ್ಕೆ ಸಮಯ ಬೇಕು. ನಡುನಡುವೆ ಆರಿಸಿ ಹೊತ್ತಿಸುತ್ತಿದ್ದರೆ ಆ ಕೆಲಸ ಮುಗಿಯುವುದೇ ಇಲ್ಲ.

ಇಷ್ಟಾದರೂ ಸಿಗದಿದ್ದರೆ ಸೇವಾ ಕಂಪನಿಗೆ ಬರೆಯಬೇಕು. ‘ನೆಟ್ ಬರುತ್ತಿಲ್ಲ’ ಎಂದು ಬರೆದರೆ ಆರಿಸಿ ಹೊತ್ತಿಸಿ ಎಂಬ ಉತ್ತರ ಬರುತ್ತದೆ. ಅದರ ಬದಲು ಕಡಿತಗಳ ವೇಳೆಪಟ್ಟಿ, ಡಿಶ್ ಚಾಲೂ ಇದ್ದ ಅವಧಿ, ಹೊರೆ ಇದ್ದಾಗ ಡಿಶ್‌ನ ತುದಿಯಲ್ಲಿ ಅಳೆದ ವೋಲ್ಟೇಜ್, ಬಯಲಿನಲ್ಲಿ ಬದಲಿ ಕೇಬಲ್‌ನಿಂದ ಪರೀಕ್ಷಿಸಿದಾಗಿನ ಫಲಿತಾಂಶ, ನಾಲ್ಕು ಮೆಟ್ಟಿಲ ಪಿಂಗ್ ಉತ್ತರಗಳ ಚಿತ್ರ ಇವನ್ನು ಒಂದೇ ಪತ್ರದಲ್ಲಿ ಕಳುಹಿಸಿ. ಡಿಶ್ ಹೊರೆಯಲ್ಲಿದ್ದಾಗಲೂ ಸರಿಯಾದ ವೋಲ್ಟೇಜ್ ಪಡೆಯುತ್ತಿದೆ, ಕಣ್ಣಿಗೆ ಅಡ್ಡವಿಲ್ಲದ ಆಕಾಶವಿದೆ, ಬದಲಿ ಕೇಬಲ್‌ನಲ್ಲೂ 192.168.100.1 ಉತ್ತರಿಸುತ್ತಿಲ್ಲ ಎಂದು ಅದರಲ್ಲಿ ಇದ್ದರೆ, ಬದಲಿ ಡಿಶ್ ಕೇಳಲು ನಿಮ್ಮ ಬಳಿ ಗಟ್ಟಿ ಆಧಾರ ಇರುತ್ತದೆ.